ಕಾರಿನ ಬ್ಯಾಲೆನ್ಸ್ ರಾಡೂ ಅತ್ತೆಯ ಕಣ್ಣೂ

ಕಾರು ಇಟ್ಟುಕೊಂಡವರಲ್ಲಿ ಎರಡು ಜಾತಿ. ಕಾರನ್ನು ಮೇಲಿನಿಂದ ಒರೆಸುವವರು ಒಂದು, ಕಾರಿನ ಕೆಳಗೆ ನುಸುಳುವವರು ಇನ್ನೊಂದು. ನಾನು ಹುಟ್ಟಿನಿಂದ ಒರೆಸುವ ಜಾತಿಗೆ ಸೇರಿದವನು. ಭಾನುವಾರ ಬೆಳಿಗ್ಗೆ ಲುಂಗಿ ಮೇಲೆತ್ತಿ ಕಟ್ಟಿ, ಹಳೆಯ ಬನಿಯನ್ನನ್ನು ಬಕೆಟ್ಟಿನಲ್ಲಿ ಅದ್ದಿ, ಓಣಿಯಲ್ಲಿ ಹೋಗಿಬರುವವರೆಲ್ಲ ನೋಡುವ ಹಾಗೆ ನಿಧಾನವಾಗಿ ಕಾರು ಒರೆಸುವುದರಲ್ಲಿ ನನಗೆ ಸಿಗುತ್ತಿದ್ದ ಸುಖ ಅದನ್ನು ಓಡಿಸುವುದರಲ್ಲೂ ಸಿಗುತ್ತಿರಲಿಲ್ಲ. ಕೆಳಗೆ ಏನಿದೆ ಎಂದು ನಾನು ಬಗ್ಗಿ ನೋಡಿದವನಲ್ಲ. ನಮ್ಮ ಹೊಟ್ಟೆಯೊಳಗೆ ಏನೇನಿದೆ ಎಂದು ನೋವು ಬರುವವರೆಗೆ ನಾವೇನು ವಿಚಾರಿಸಲು ಹೋಗುತ್ತೇವೆಯೇ? ಹಾಗೆಯೇ ಇದು ಎಂದುಕೊಂಡಿದ್ದೆ. ಇಂಥ ನಾನು ಒಂದು ಭಾನುವಾರವಿಡೀ ನನ್ನ ಕಾರಿನ ಕೆಳಗೆ ಅಂಗಾತ ಮಲಗಿದ್ದೆ ಎಂದರೆ ಅದಕ್ಕೆ ಕಾರಣ ನಮ್ಮ ಅತ್ತೆಯ ಕಣ್ಣು.

ಕಣ್ಣಿಗೂ ಕಾರಿಗೂ ಏನು ಸಂಬಂಧ ಎಂದು ಹೇಳುವ ಮೊದಲು ಕಾರಿನ ವಿಷಯ ಹೇಳಬೇಕು. ತೊಂಬತ್ತರ ದಶಕದಲ್ಲಿ ನಾನು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದೆ. ಮಿಲ್ಲಿನ ಯಜಮಾನರು ಹೊಸ ಕಾರು ತಂದಾಗ ತಮ್ಮ ಹಳೆಯ ಫಿಯಟ್ಟನ್ನು ನನ್ನ ಕೊರಳಿಗೆ ಕಟ್ಟಿದರು. "ಮನೆ ಮುಂದೆ ಸುಮ್ನೆ ನಿಂತಿದ್ರೂ ಒಂದು ಮರ್ಯಾದೆ ಕಣಯ್ಯಾ" ಎಂದರು. ನಿಂತಿರುವಾಗ ಅದು ನಿಜಕ್ಕೂ ಮರ್ಯಾದೆಯಿಂದಲೇ ಇರುತ್ತಿತ್ತು. ಹೊರಟಾಗಲೇ ತಕರಾರು. ತಿರುವು ಬಂದರೆ ಸಾಕು, ಹಿಂಭಾಗ ಒಂದು ಕಡೆಗೆ ವಾಲಿ, ಅಲ್ಲೇ ಸ್ವಲ್ಪ ಹೊತ್ತು ಯೋಚನೆ ಮಾಡಿ, ಆಮೇಲೆ ಇನ್ನೊಂದು ಕಡೆಗೆ ವಾಲುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತವರು ಮೊದಮೊದಲು ನಗುತ್ತಿದ್ದರು, ಆಮೇಲೆ ಸುಮ್ಮನಾಗುತ್ತಿದ್ದರು. ನನಗೆ ಮಾತಾಡುತ್ತಾ ಓಡಿಸುವ ಅಭ್ಯಾಸ. ಹಿಂದಿನವರು ಮಾತು ನಿಲ್ಲಿಸಿದರೆ ನನ್ನ ಮಾತನ್ನು ಗಮನವಿಟ್ಟು ಕೇಳುತ್ತಿದ್ದಾರೆ ಎಂದು ತಿಳಿದು, ಅವರ ಕಡೆಗೇ ತಿರುಗಿ ಇನ್ನಷ್ಟು ಹೇಳುತ್ತಿದ್ದೆ.

ನಮ್ಮ ಅತ್ತೆ ಮೊಳಕಾಲ್ಮೂರಿನವರು. ಹೆಸರು ವೆಂಕಟಲಕ್ಷ್ಮಮ್ಮ. ಅವರದು ರೇಷ್ಮೆ ಸೀರೆ ನೇಯುವ ಮನೆ. ಮಗ್ಗದಲ್ಲಿ ಕೂರುತ್ತಿದ್ದವನು ಅವರ ಮಗನಾದರೂ ಮನೆಯ ಆಡಳಿತವೆಲ್ಲ ಅವರದೇ. ಗಡಿ ಊರಿನವರಾದ್ದರಿಂದ ಅವರ ಬಾಯಲ್ಲಿ ಕನ್ನಡವೂ ತೆಲುಗೂ ಒಂದೇ ಒಲೆಯ ಮೇಲೆ ಬೇಯುತ್ತಿದ್ದವು. ನನಗೆ ಮದುವೆಯಾದ ಹೊಸತರಲ್ಲೇ ಒಂದು ಗುಟ್ಟು ತಿಳಿದಿತ್ತು: ಅವರು "ಅಳಿಯಂದ್ರೆ" ಎಂದು ಕನ್ನಡದಲ್ಲಿ ಕರೆದರೆ ಎಲ್ಲ ಕ್ಷೇಮ, "ಅಲ್ಲುಡುಗಾರೂ" ಎಂದು ತೆಲುಗಿನಲ್ಲಿ ಕರೆದರೆ ಎಲ್ಲೋ ನಾನು ಎಡವಟ್ಟು ಮಾಡಿದ್ದೇನೆ ಎಂದೇ ಅರ್ಥ. ಇಂಥ ಗಟ್ಟಿಗಿತ್ತಿಗೆ ಇದ್ದ ಒಂದೇ ದೌರ್ಬಲ್ಯವೆಂದರೆ ಪ್ರಯಾಣ. ಚಕ್ರವಿರುವ ಯಾವುದರಲ್ಲಿ ಕೂತರೂ ವಾಂತಿ. ಅದಕ್ಕಾಗಿ ಸೆರಗಿನ ಗಂಟಿನಲ್ಲಿ ಸದಾ ಒಂದು ನಿಂಬೆಹಣ್ಣು. ನನ್ನ ಕಾರಿನಲ್ಲಿ ಒಮ್ಮೆ ಚಳ್ಳಕೆರೆಗೆ ಬಂದಾಗ ದಾರಿಯ ಹಾನಗಲ್ಲಿಗೆ ಒಂದು, ತಳಕಿಗೆ ಒಂದು, ಹಿರೇಹಳ್ಳಿಗೆ ಒಂದು ಎಂದು ಕಾರು ನಿಲ್ಲಿಸಿದ್ದೆವು. ಅವತ್ತು ಅವರು ನನ್ನನ್ನು ಊರು ತಲುಪುವವರೆಗೂ ತೆಲುಗಿನಲ್ಲೇ ಮಾತಾಡಿಸಿದ್ದರು.

ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಒಂದರಲ್ಲಿ ಬರೀ ಬೆಳಕು ಕಾಣುತ್ತಿತ್ತು, ಇನ್ನೊಂದು ಅದರ ದಾರಿಯನ್ನೇ ಹಿಡಿದಿತ್ತು. ಜರಿಯ ಬಣ್ಣ ತಿಳಿಯದೆ ಸೀರೆಯನ್ನು ಬೆರಳಿನಿಂದ ಸವರಿ ನೋಡುತ್ತಿದ್ದರು. ಬಾಗಿಲಿಗೆ ಬಂದವರನ್ನು ದನಿಯಿಂದ ಗುರುತಿಸಿ, ಕಂಡೆ ಎಂಬಂತೆ ನಟಿಸುತ್ತಿದ್ದರು. ಆ ನಟನೆ ನೋಡಿದಾಗ ನನ್ನ ಹೆಂಡತಿ ಸುಶೀಲ ಒಳಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಚಳ್ಳಕೆರೆಗೆ ಅಪರೂಪಕ್ಕೊಮ್ಮೆ ಬರುತ್ತಿದ್ದ ಕಣ್ಣಿನ ಡಾಕ್ಟರು ಮೊದಲು ಒಂದು ಕಣ್ಣಿನ ಆಪರೇಷನ್ನಿಗೆ ಒಪ್ಪಿ ದಿನ ಕೊಟ್ಟರು. ಆದರೆ ಒಂದು ಎಚ್ಚರಿಕೆ ಹೇಳಿದರು: ಆಪರೇಷನ್ ಆದಮೇಲೆ ಕೆಮ್ಮಬಾರದು, ಬಗ್ಗಬಾರದು, ಮುಖ್ಯವಾಗಿ ವಾಂತಿ ಮಾಡಬಾರದು, ಹೊಲಿಗೆಗೆ ತೊಂದರೆ. ಇದನ್ನು ಕೇಳಿದ ಅತ್ತೆ ಆಪರೇಷನ್ನೇ ಬೇಡ ಎಂದುಬಿಟ್ಟರು. "ವಾಪಸ್ ಬರಬೇಕಲ್ಲವ್ವಾ. ಬರ್ತಾ ದಾರೀಲಿ ವಾಂತಿ ಆಗಿ ಕಣ್ಣೇ ಹೋದ್ರೆ? ಈಗ ನೆರಳಾದ್ರೂ ಕಾಣ್ತೈತೆ" ಎಂದು ಹಟ ಹಿಡಿದರು.

ಬಸ್ಸಿನ ಮಾತೇ ಇರಲಿಲ್ಲ. ಬಾಡಿಗೆ ಕಾರು ಮಾಡೋಣವೆಂದರೆ ಅದಕ್ಕೂ ಒಪ್ಪಲಿಲ್ಲ. "ಅಳಿಯ ಕಾರು ಇಟ್ಕೊಂಡು, ನಾನು ಬಾಡಿಗೆ ಕಾರಾಗೆ ಹೋದ್ರೆ ಕೇರಿಯೋರು ಏನಂತಾರೆ? ಅಳಿಯನಿಗೂ ನನಗೂ ಮಾತಿಲ್ಲ ಅಂತಾರೆ" ಎಂದರು. ಸುಶೀಲ ರಾತ್ರಿ ಊಟ ಬಡಿಸುವಾಗ, "ರೀ, ನಮ್ಮವ್ವನ ಕಣ್ಣು ಈಗ ನಿಮ್ಮ ಕಾರಿನ ಕೈಲೈತೆ" ಎಂದಳು. ಮರುದಿನ ಬೆಳಿಗ್ಗೆಯೇ ದಸ್ತಗೀರ್ ಭಾಯಿಯ ಗ್ಯಾರೇಜಿಗೆ ಹೋದೆ.

ದಸ್ತಗೀರ್ ಭಾಯ್ ನಮ್ಮೂರಿನ ಹೆಸರಾಂತ ಮೆಕ್ಯಾನಿಕ್. ಆ ಹೆಸರನ್ನು ಹಬ್ಬಿಸಿದವರೂ ಬಹುಮಟ್ಟಿಗೆ ಅವರೇ. ಆದರೆ ಗ್ಯಾರೇಜಿನ ಬಾಗಿಲು ಮುಚ್ಚಿತ್ತು. ಮಗಳ ಮದುವೆಗೆಂದು ಮನೆಗೆ ಸುಣ್ಣ ಹೊಡೆಯಲು ಏಣಿ ಹತ್ತಿ ಬಿದ್ದು, ಬಲಗೈಗೆ ಬ್ಯಾಂಡೇಜು ಹಾಕಿಸಿಕೊಂಡು, ಅದನ್ನು ಕೊರಳಿಗೆ ನೇತುಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದರು. ನನ್ನ ಕಷ್ಟ ಕೇಳಿ ಎದ್ದು ಬಂದವರು ಕಾರಿನ ಹಿಂದಿನ ಬಂಪರಿನ ಮೇಲೆ ಒಂದು ಕಾಲಿಟ್ಟು ಅಲ್ಲಾಡಿಸಿದರು, ಕಿವಿ ಕೊಟ್ಟು ಕೇಳಿದರು, ನನ್ನನ್ನು ಬಗ್ಗಿ ನೋಡಲು ಹೇಳಿದರು. ಹಿಂದಿನ ಎರಡು ಚಕ್ರಗಳ ನಡುವೆ ಬೆರಳು ಗಾತ್ರದ ಒಂದು ಬಾಗಿದ ಸಲಾಕೆ ಎರಡು ತುಂಡಾಗಿ ತೂಗುತ್ತಿತ್ತು.

"ಬ್ಯಾಲೆನ್ಸ್ ರಾಡು ಸಾರ್" ಎಂದರು. "ಕಾರು ಎಡಕ್ಕೆ ವಾಲಿದ್ರೆ ಬಲಕ್ಕೆ ಎಳೀತೈತೆ, ಬಲಕ್ಕೆ ವಾಲಿದ್ರೆ ಎಡಕ್ಕೆ ಎಳೀತೈತೆ. ಮನೇಲಿ ಬೀವಿ ಇದ್ದಂಗೆ. ನನ್ನತ್ರ ಒಂದು ಹಳೇ ಗಾಡೀದು ಐತೆ, ಗಟ್ಟಿಯಾಗೈತೆ. ಹೊಸ ರಬ್ಬರ್ ಬುಷ್ ಹಾಕಿ ಕೂರಿಸಿದ್ರೆ ನಿಮ್ಮ ಅತ್ತೆ ಆರಾಮ್‌ಸೆ ನಿದ್ದೆ ಮಾಡ್ತಾರೆ."

"ಏಣಿ ಮೇಲೆ ನಿಮ್ಮ ಬ್ಯಾಲೆನ್ಸ್ ರಾಡು ಏನಾಗಿತ್ತು ಭಾಯ್?" ಎಂದೆ.

"ಅದು ಏಣಿ ತಪ್ಪು ಸಾರ್" ಎಂದರು ಗಂಭೀರವಾಗಿ.

ಕೂರಿಸುವವರು ಯಾರು ಎನ್ನುವುದು ಪ್ರಶ್ನೆ. ಊರಿನಲ್ಲಿ ಫಿಯಟ್ ಬಲ್ಲ ಇನ್ನೊಂದು ಗ್ಯಾರೇಜು ಇದ್ದದ್ದು ದಸ್ತಗೀರ್ ಭಾಯಿಯ ಷಡ್ಡಕನದು. ಆತ ಯಾವುದೋ ಮದುವೆಗೆ ಕರೆಯಲು ತಾನೇ ಬರದೆ ಮಗನ ಕೈಯಲ್ಲಿ ಪತ್ರಿಕೆ ಕಳಿಸಿದ ಎಂಬ ಕಾರಣಕ್ಕೆ ಇಬ್ಬರಿಗೂ ಮಾತು ನಿಂತು ವರ್ಷಗಳಾಗಿದ್ದವು. ನಾನು ಅತ್ತ ತಲೆ ತಿರುಗಿಸಿದ್ದೇ ತಡ, ಭಾಯಿ ಎಡಗೈ ಎತ್ತಿ ತಡೆದರು. "ಅಲ್ಲಿಗೆ ಹೋಗೋದಾದ್ರೆ ನನಗೆ ಸಲಾಮ್ ಹೇಳ್ಬಿಟ್ಟು ಹೋಗ್ರಿ ಸಾರ್. ನಿಮಗೆ ಎರಡು ಕೈ ಐತೆ, ನನಗೆ ಬಾಯಿ ಐತೆ. ಭಾನುವಾರ ನಿಮ್ಮ ಮನೇಲೇ ಮಾಡೋಣ" ಎಂದರು. ಹೀಗೆ ಇಬ್ಬರು ಷಡ್ಡಕರ ಜಗಳದಲ್ಲಿ ನಾನು ಮೆಕ್ಯಾನಿಕ್ ಆದೆ.

ಭಾನುವಾರ ನಮ್ಮ ಅಂಗಳದಲ್ಲಿ ಭಾಯಿಗೊಂದು ಕುರ್ಚಿ ಹಾಕಿದೆವು. ನನಗೆ ನೆಲಕ್ಕೆ ಕಂಬಳಿ ಹಾಸಿದೆವು. ನಮ್ಮೂರ ಕಂಬಳಿ ಚಳಿಗೆ ಎಷ್ಟು ಬೆಚ್ಚಗಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಬರಿ ಬೆನ್ನಿಗೆ ಅದು ಎಷ್ಟು ಚುಚ್ಚುತ್ತದೆ ಎಂದು ತಿಳಿಯಬೇಕಾದರೆ ಅದರ ಮೇಲೆ ಮಲಗಿ ತುಕ್ಕು ಹಿಡಿದ ನಟ್ಟು ಬಿಚ್ಚಬೇಕು. ಜಾಕ್ ಎತ್ತಿದ ಕೂಡಲೇ ಭಾಯಿ ಕೂಗಿದರು: "ಜಾಕ್ ನಂಬಬೇಡ್ರಿ ಸಾರ್. ಸ್ಟೆಪ್ನಿ ಚಕ್ರ ಕೆಳಗೆ ತಳ್ಳಿ, ಆಮೇಲೆ ನೀವು ಹೋಗ್ರಿ." ಜೀವದ ಮೇಲಿನ ಆಸೆಯಿಂದ ಅದನ್ನು ಚಾಚೂ ತಪ್ಪದೆ ಮಾಡಿದೆ. ನಟ್ಟುಗಳು ಅಲ್ಲಾಡಲಿಲ್ಲ. ಭಾಯಿ ಕುರ್ಚಿಯಲ್ಲೇ ಕೂತು ಗಾಳಿಯಲ್ಲಿ ಎಡಗೈಯಿಂದ ಸ್ಪ್ಯಾನರ್ ತಿರುಗಿಸುತ್ತಿದ್ದರು, ನಾನು ಕೆಳಗೆ ನಿಜವಾದ ಸ್ಪ್ಯಾನರ್ ತಿರುಗಿಸುತ್ತಿದ್ದೆ. ಇಬ್ಬರಿಗೂ ಸಮನಾಗಿ ಬೆವರು ಬಂತು. ಒಂದೊಂದು ನಟ್ಟು ಕಿರ್ ಎಂದು ಸಡಿಲವಾದಾಗ ಅಡುಗೆಮನೆಯಿಂದ ಸುಶೀಲ "ಆಯ್ತಾ?" ಎಂದು ಕೇಳುತ್ತಿದ್ದಳು. ಅವಳ ಆ ದನಿಯಲ್ಲಿದ್ದ ಆಸೆಯನ್ನು ಕೇಳಿ ಮುಂದಿನ ನಟ್ಟಿಗೆ ಕೈ ಹಾಕುತ್ತಿದ್ದೆ.

ಮಧ್ಯಾಹ್ನ ಭಾಯಿ ನಮಾಜಿಗೆ ಎದ್ದರು. ಭಾಯಿ ತಂದಿದ್ದ ರಾಡಿಗೆ ರಬ್ಬರ್ ಬುಷ್, ಎಂದರೆ ರಾಡು ಕಬ್ಬಿಣಕ್ಕೆ ಬಡಿಯದಂತೆ ತಡೆಯುವ ರಬ್ಬರಿನ ಬಳೆ, ಏರಿಸುವ ಕೆಲಸ ಬಾಕಿ ಇತ್ತು. "ಸೋಪಿನ ನೀರು ಹಚ್ಚಿ ಏರಿಸಿ ಸಾರ್, ಬೇರೇನೂ ಬೇಡ" ಎಂದು ಹೇಳಿ ಹೋದರು. ಸೋಪಿನ ನೀರು ಹಚ್ಚಿದೆ, ಬುಷ್ ಜರುಗಲಿಲ್ಲ. ಇಲ್ಲಿ ನಮ್ಮೂರಿನ ಬಗ್ಗೆ ಒಂದು ಮಾತು. ಚಳ್ಳಕೆರೆಯಲ್ಲಿ ಗಾಳಿಯೂ ಶೇಂಗಾ ಎಣ್ಣೆಯ ವಾಸನೆ ಹೊತ್ತುಕೊಂಡೇ ಬೀಸುತ್ತದೆ. ಬಾಗಿಲು ಕಿರುಗುಟ್ಟಿದರೆ ಶೇಂಗಾ ಎಣ್ಣೆ, ಹೊಲಿಗೆ ಮಿಷನ್ನಿಗೆ ಶೇಂಗಾ ಎಣ್ಣೆ, ಮಂಡಿ ನೋವಿಗೆ ಶೇಂಗಾ ಎಣ್ಣೆ. ಅದರಲ್ಲೂ ಮಿಲ್ಲಿನ ಗುಮಾಸ್ತನಾದ ನನಗೆ ಅದರ ಮೇಲಿದ್ದ ವಿಶ್ವಾಸ ದೇವರ ಮೇಲಿನ ವಿಶ್ವಾಸಕ್ಕಿಂತ ಒಂದು ಗುಲಗಂಜಿಯಷ್ಟೇ ಕಡಿಮೆ. ಅಡುಗೆಮನೆಯಿಂದ ಒಂದು ಸೌಟು ತಂದು ಧಾರಾಳವಾಗಿ ಹಚ್ಚಿದೆ. ಬುಷ್ಷುಗಳು ಬೆಣ್ಣೆಯ ಹಾಗೆ ಜಾರಿ ಕೂತವು. ಭಾಯಿ ಬಂದು ನೋಡಿ "ಶಾಬಾಸ್" ಎಂದರು. ಸೌಟಿನ ವಿಷಯ ನಾನೂ ಎತ್ತಲಿಲ್ಲ, ಅವರೂ ಕೇಳಲಿಲ್ಲ.

ಕೊನೆಯ ಬಿಗಿತ ಮಾತ್ರ ಕಾರು ತನ್ನ ಚಕ್ರದ ಮೇಲೆ ನಿಂತು, ಒಳಗೆ ಭಾರ ಇದ್ದಾಗಲೇ ಆಗಬೇಕಂತೆ. ಬರೀ ಹೊಟ್ಟೆಯಲ್ಲಿ ಬಿಗಿದರೆ ಜನ ಕೂತಾಗ ರಬ್ಬರ್ ತಿರುಚಿಕೊಳ್ಳುತ್ತದಂತೆ. ಚಕ್ರಗಳನ್ನು ಅಗಲವಾದ ಚಪ್ಪಡಿ ಕಲ್ಲುಗಳ ಮೇಲೆ ಹತ್ತಿಸಿ, ನಾನು ಹಿಂದಿನ ಸೀಟಿನಲ್ಲಿ ಶೇಂಗಾ ಮೂಟೆ ಇಡತೊಡಗಿದೆ. ಸುಶೀಲ ಬಾಗಿಲಲ್ಲಿ ನಿಂತು, "ನಮ್ಮವ್ವನ ಲೆಕ್ಕಕ್ಕೆ ಎಷ್ಟು ಮೂಟೆ ಇಟ್ಕೊಂಡಿದೀರಾ?" ಎಂದಳು. ಎರಡನೆಯ ಮೂಟೆಯನ್ನು ಮೆಲ್ಲಗೆ ಕೆಳಗಿಳಿಸಿದೆ. ಸಂಜೆ ಊರಾಚೆಯ ವರವು ಕಾವಲಿನ ಕಡೆಯ ರಸ್ತೆಯಲ್ಲಿ ಓಡಿಸಿ ನೋಡಿದರೆ ಕಾರು ತಿರುವಿನಲ್ಲಿ ತಲೆಯೆತ್ತಿಕೊಂಡೇ ಹೋಯಿತು. ಪಕ್ಕದಲ್ಲಿ ಕೂತಿದ್ದ ಭಾಯಿ ತಮ್ಮ ಬ್ಯಾಂಡೇಜಿನ ಕೈಯನ್ನೇ ಎತ್ತಿ ಆಶೀರ್ವಾದ ಮಾಡಿದರು.

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಅತ್ತೆಯನ್ನು ಕರೆತರಲು ಒಬ್ಬನೇ ಹೊರಟೆ. ತಳಕು ದಾಟುವವರೆಗೆ ನನ್ನಷ್ಟು ಸುಖಿ ಈ ತಾಲ್ಲೂಕಿನಲ್ಲಿ ಇರಲಿಲ್ಲ. ಅಲ್ಲಿಂದ ಮುಂದೆ ಹಿಂದುಗಡೆ ಟಕ್ ಎಂದು ಒಂದು ಸದ್ದು ಬಂತು. ಬಿ.ಜಿ. ಕೆರೆಯ ಹತ್ತಿರ ಅದು ಟಕಟಕ ಆಯಿತು. ಮೊಳಕಾಲ್ಮೂರಿನ ಕೇರಿಯೊಳಗೆ ನಾನು ಹೋದಾಗ ಮಗ್ಗಗಳ ಸದ್ದೂ ನನ್ನ ಕಾರಿನ ಸದ್ದೂ ಒಂದೇ ತಾಳದಲ್ಲಿದ್ದವು. ಜಗಲಿಯ ಮೇಲೆ ಚೀಲ ಪಕ್ಕಕ್ಕಿಟ್ಟುಕೊಂಡು, ಸೆರಗಿಗೆ ನಿಂಬೆಹಣ್ಣು ಗಂಟು ಹಾಕಿಕೊಂಡು ಸಿದ್ಧರಾಗಿ ಕೂತಿದ್ದ ಅತ್ತೆ ಮುಖ ಎತ್ತಿದರು.

"ಅಲ್ಲುಡುಗಾರೂ, ಆ ಸದ್ದೇಮಿ?"

ಕೆಳಗೆ ನುಸುಳಿ ನೋಡಿದೆ. ಒಂದು ಕಡೆಯ ಬುಷ್ ಅರ್ಧಕ್ಕರ್ಧ ಮಾಯವಾಗಿತ್ತು. ಉಳಿದ ಅರ್ಧ ಹರಿದುಕೊಂಡು ನೇತಾಡುತ್ತಿತ್ತು, ರಾಡು ಬರಿ ಕಬ್ಬಿಣಕ್ಕೆ ಬಡಿಯುತ್ತಿತ್ತು. ಅದನ್ನು ಕಿತ್ತು ಕೈಯಲ್ಲಿ ಹಿಡಿದು ಹೊರಗೆ ಬರುವಷ್ಟರಲ್ಲಿ ಅತ್ತೆ ಚೀಲ ಎತ್ತಿಕೊಂಡು ಒಳಗೆ ಹೋಗಲು ಎದ್ದಿದ್ದರು. "ಬ್ಯಾಡ ಬಿಡ್ರಪ್ಪಾ. ದೇವರು ಬ್ಯಾಡ ಅಂತಾವ್ನೆ" ಎಂದರು. ಕೋಪದ ತೆಲುಗೂ ಇರಲಿಲ್ಲ ಅದರಲ್ಲಿ. ಸೋತ ದನಿ. ಈ ಸಲ ತಪ್ಪಿದರೆ ಆ ಡಾಕ್ಟರು ಮತ್ತೆ ಯಾವಾಗ ಬರುತ್ತಾರೋ, ಅಷ್ಟರಲ್ಲಿ ಇರುವ ನೆರಳೂ ಉಳಿದಿರುತ್ತದೋ ಇಲ್ಲವೋ. ಸುಶೀಲಳಿಗೆ ಏನು ಮುಖ ತೋರಿಸಲಿ ಎಂದು ನಾನು ಜಗಲಿಯ ಮೇಲೆ ಕುಸಿದು ಕೂತೆ.

ಅತ್ತೆಗೆ ನನ್ನ ಮುಖ ಕಾಣದಿದ್ದರೂ ನಾನು ಕೂತ ಸದ್ದು ಕೇಳಿತೆಂದು ತೋರುತ್ತದೆ. ತಿರುಗಿ ಬಂದು, "ಏನದು ಕೈಯಾಗೆ, ಕೊಡ್ರಿ" ಎಂದರು. ಬುಷ್ಷನ್ನು ಬೆರಳಲ್ಲಿ ಸವರಿದರು. ಅಂಚಿನ ಮೇಲೆ ಹೆಬ್ಬೆರಳು ನಿಂತಿತು. "ಇದು ಹರಿದಿದ್ದಲ್ಲ, ಕಡಿದಿದ್ದು. ಹಲ್ಲಿನ ಗುರುತು ಐತೆ" ಎಂದರು. ಆಮೇಲೆ ಅದನ್ನು ಮೂಗಿನ ಹತ್ತಿರ ತಂದು ಮೂಸಿದರು.

"ಇದಕ್ಕೆ ಏನು ಹಚ್ಚಿದ್ರಿ?"

"ಶೇಂಗಾ ಎಣ್ಣೆ."

"ಒಗ್ಗರಣೆಗೆ ಹಾಕೋದಾ?"

"ಅದೇ."

ಅತ್ತೆ ನಕ್ಕರು. ಮೊದಲು ಮೆಲ್ಲಗೆ, ಆಮೇಲೆ ಸೆರಗು ಬಾಯಿಗೆ ಹಿಡಿದುಕೊಂಡು, ಆಮೇಲೆ ಅದನ್ನೂ ಬಿಟ್ಟು. "ಹೆಗ್ಗಣಕ್ಕೆ ಒಗ್ಗರಣೆ ಹಾಕಿ ಬಡಿಸಿದಾರೆ ನಮ್ಮ ಅಳಿಯಂದ್ರು" ಎಂದು ಮಗನನ್ನು ಕರೆದು ಹೇಳಿದರು, ಸೊಸೆಯನ್ನು ಕರೆದು ಹೇಳಿದರು, ಎದುರು ಮನೆಯವರಿಗೂ ಹೇಳಿದರು. ಕಣ್ಣು ಮಂಜಾದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ ಕೂತಿದ್ದ ನನಗೆ, ಒಂದು ಬುಷ್ ಹೋದರೂ ಚಿಂತೆಯಿಲ್ಲ, ಈ ನಗು ಬಂತಲ್ಲ ಎನ್ನಿಸಿತು. ಆ ಹೆಗ್ಗಣಕ್ಕೂ ಮನಸ್ಸಿನಲ್ಲೇ ಕೈ ಮುಗಿದೆ.

ನಕ್ಕ ಮೇಲೆ ಅವರಿಗೆ ಧೈರ್ಯವೂ ಬಂತು. "ರಬ್ಬರ್ ಬೇಕು ಅಷ್ಟೇ ತಾನೆ? ಆ ರಾಡು ಬಿಚ್ಚಿ ಇಲ್ಲಿಗೆ ತಾ" ಎಂದರು. ಬಹುವಚನ ಹೋಗಿ ಏಕವಚನ ಬಂದದ್ದನ್ನು ನಾನು ಗಮನಿಸಿದೆ. ಕೆಲಸದ ಹೊತ್ತಿನಲ್ಲಿ ಅವರು ಎಲ್ಲರನ್ನೂ ಹಾಗೆಯೇ ಕರೆಯುತ್ತಿದ್ದರು. ಭಾಯಿಯ ಸ್ಪ್ಯಾನರುಗಳು ಡಿಕ್ಕಿಯಲ್ಲೇ ಇದ್ದವು. ನಟ್ಟುಗಳು ಈಗ ನನ್ನ ಪರಿಚಯದವು, ಬೇಗ ಬಿಚ್ಚಿಕೊಂಡವು. ಭಾವಮೈದುನ ಸೈಕಲ್ ಶಾಪಿನಿಂದ ಹಳೆಯ ಟ್ಯೂಬು ತಂದು ಉದ್ದಕ್ಕೆ ಪಟ್ಟಿ ಕತ್ತರಿಸಿಕೊಟ್ಟ. ಅತ್ತೆ ರಾಡನ್ನು ತೊಡೆಯ ಮೇಲಿಟ್ಟುಕೊಂಡು ಸೋಪು ಹಾಕಿ ಎಣ್ಣೆಯನ್ನೆಲ್ಲ ತೊಳೆದು ಒರೆಸಿ, ಪಟ್ಟಿ ಸುತ್ತತೊಡಗಿದರು. ನಾಲ್ಕು ದಶಕ ರೇಷ್ಮೆ ನೂಲನ್ನು ಕಂಡಿಕೆಯ ಕೊಳವೆಗೆ ಸುತ್ತಿದ ಕೈ. ಎಳೆದು, ಬೆರಳಲ್ಲಿ ಒತ್ತಿ, ಒಂದರ ಮೇಲೆ ಒಂದು ಸುತ್ತು ಕೂರಿಸುತ್ತಾ, ನಡುವೆ "ದಪ್ಪ ಸರಿಯಾ ನೋಡು" ಎಂದು ನನ್ನನ್ನು ಕೇಳುತ್ತಾ, ಕಡಿಮೆ ಎಂದರೆ ಇನ್ನೆರಡು ಸುತ್ತು ಏರಿಸುತ್ತಾ ಮುಗಿಸಿದರು. ತನ್ನ ಕಣ್ಣಿನ ದಾರಿಯನ್ನು ತಾನೇ ಸುತ್ತಿಕೊಳ್ಳುತ್ತಿದ್ದ ಆ ಕೈಗಳನ್ನು ನೋಡುತ್ತಾ ನಾನು ಒಂದೊಂದೇ ಪಟ್ಟಿ ಎತ್ತಿಕೊಟ್ಟೆ.

ಬಿಗಿಯುವ ಹೊತ್ತಿಗೆ ಮತ್ತೆ ಭಾರ ಬೇಕಾಯಿತು. ಇಲ್ಲಿ ಶೇಂಗಾ ಮೂಟೆ ಇರಲಿಲ್ಲ, ಇದ್ದಿದ್ದರೂ ನಾನು ಕೇಳುತ್ತಿರಲಿಲ್ಲ. ಅಕ್ಕಪಕ್ಕದ ಮನೆಯವರು ಮಗ್ಗ ಬಿಟ್ಟು ಬಂದು ಹಿಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತರು. ಅತ್ತೆ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಕಲ್ಲಿನ ಮೇಲೆ ನಿಂತ ಕಾರಿನ ಕೆಳಗೆ ನಾನು. ಮಾವನ ಮನೆಯ ಕೇರಿಯೆಲ್ಲ ನನ್ನ ಎದೆಯಿಂದ ಒಂದು ಗೇಣು ಮೇಲೆ ಕೂತು ಹರಟುತ್ತಿತ್ತು. "ಕದಲವದ್ದು, ಅಲ್ಲಾಡಬ್ಯಾಡ್ರಿ, ಕೆಳಗೆ ಅಳಿಯ ಐದಾನೆ" ಎಂದು ಅತ್ತೆ ಎಲ್ಲರನ್ನೂ ಗದರುತ್ತಿದ್ದುದು ಕೇಳಿಸುತ್ತಿತ್ತು. ಕೊನೆಯ ನಟ್ಟು ಬಿಗಿಯುವಾಗ, ನನ್ನನ್ನು ಹೀಗೆ ಕಾಯುವವರಿದ್ದಾರಲ್ಲ ಎಂದು ಎಂದೂ ಇಲ್ಲದ ನೆಮ್ಮದಿಯಾಯಿತು.

ಹಾನಗಲ್ಲಿನಲ್ಲಿ ಅತ್ತೆ ನಿಂಬೆಹಣ್ಣನ್ನು ಮುಟ್ಟಿ ನೋಡಿಕೊಂಡರು. ತಳಕು ಬರುವ ಮೊದಲೇ ನಿದ್ದೆಹೋದರು. ಅವರು ಎಚ್ಚರಗೊಂಡದ್ದು ಎಣ್ಣೆಯ ವಾಸನೆಗೆ. "ಚಳ್ಳಕೆರೆ ಬಂತಾ ಆಗಲೇ?" ಎಂದು ಕೇಳಿದಾಗ ನಾನು ಹಾರನ್ ಹೊಡೆದೆ. ಆಪರೇಷನ್ ಚೆನ್ನಾಗಿ ಆಯಿತು. ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅವರು ಮೊದಲು ಮಗಳ ಮುಖ ನೋಡಿ, "ಎಷ್ಟು ಸೊರಗಿದೀಯೇ" ಎಂದರು. ಸುಶೀಲ ಅವತ್ತು ಒಳಗೆ ಹೋಗದೆ ಅಲ್ಲೇ ನಿಂತು ಅತ್ತಳು.

ಮಗಳ ಮನೆಯಲ್ಲಿ ಹೆಚ್ಚು ದಿನ ಉಣ್ಣಬಾರದೆಂಬುದು ಅತ್ತೆಯ ನೇಮ. ಕಪ್ಪು ಕನ್ನಡಕ ಹಾಕಿಕೊಂಡು ಊರಿಗೆ ಹೊರಟರು. ನನ್ನ ಪಕ್ಕದಲ್ಲಿ ಅತ್ತೆ, ಹಿಂದೆ ಸುಶೀಲ. ಕಾರು ಒಂದಿಷ್ಟೂ ವಾಲಲಿಲ್ಲ, ವಾಂತಿಯ ಸುಳಿವೂ ಇರಲಿಲ್ಲ. ಆ ಸಂತೋಷದಲ್ಲಿ ನಾನು ದಾರಿಯುದ್ದಕ್ಕೂ ಮಾತಾಡಿದೆ. ರಾಡು ಹೇಗೆ ಕೆಲಸ ಮಾಡುತ್ತದೆ ಎಂದು ಎರಡೂ ಕೈಯಲ್ಲಿ ತೋರಿಸಿದೆ, ಸುಶೀಲಳ ಕಡೆ ತಿರುಗಿ ಮತ್ತೊಮ್ಮೆ ವಿವರಿಸಿದೆ. ಅತ್ತೆಯ ಎರಡೂ ಕೈಗಳು ಮುಂದಿನ ಡ್ಯಾಶ್‌ಬೋರ್ಡನ್ನು ಹಿಡಿದಿದ್ದವು. ಮನೆ ಮುಂದೆ ಇಳಿದ ಮೇಲೆ ಮಗಳಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು.

"ಕಾರು ಚೆಂದಾಗೈತೆ ಕಣವ್ವಾ. ಅಲ್ಲುಡುಗಾರು ಹಿಂದೆ ಕೂತ್ರೆ ಇನ್ನೂ ಚೆಂದಾಗಿರತೈತೆ. ಇಷ್ಟು ದಿನ ಕಣ್ಣು ಕಾಣದೇ ಕೂತಿದ್ದೆ, ದೇವರು ದೊಡ್ಡೋನು."

ಕೆಲವು ವಾರಗಳ ನಂತರ ಹತ್ತಿರದ್ದನ್ನು ನೋಡುವ ಕನ್ನಡಕ ಕೊಡಿಸಲು ಅವರನ್ನು ಮತ್ತೆ ಚಳ್ಳಕೆರೆಗೆ ಕರೆತರಬೇಕಾಯಿತು. ಕೈ ಸರಿಹೋಗಿದ್ದ ದಸ್ತಗೀರ್ ಭಾಯ್ ತಾವೇ ಓಡಿಸುತ್ತೇನೆಂದು ಬಂದರು. ಅತ್ತೆ ಸುತ್ತಿದ ಟ್ಯೂಬನ್ನು ಬಗ್ಗಿ ನೋಡಿ, "ಇದು ನಾನು ಹೇಳಿಕೊಟ್ಟ ಪದ್ಧತೀನೇ ಸಾರ್" ಎಂದರು. ಮೊಳಕಾಲ್ಮೂರಿನಿಂದ ಹೊರಡುವಾಗ ಅತ್ತೆ ಮುಂದೆ ಕೂತರು. ಅವರ ಅಪ್ಪಣೆಯಂತೆ ನಾನು ಹಿಂದೆ ಕೂತೆ. ಆ ಕಾರಿನ ಹಿಂದಿನ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಹಾನಗಲ್ ದಾಟಿದ ಮೇಲೆ ಬಾಯಲ್ಲಿ ನೀರೂರಿತು, ಬಿ.ಜಿ. ಕೆರೆಯ ಹೊತ್ತಿಗೆ ಹಣೆ ತಣ್ಣಗಾಯಿತು. ಕಾರು ವಾಲುತ್ತಿರಲಿಲ್ಲ, ವಾಲುತ್ತಿದ್ದವನು ನಾನೇ. ಮುಂದೆ ಅತ್ತೆ, ದೂರದ ಬಯಲಿನಲ್ಲಿ ಮೇಯುತ್ತಿದ್ದ ಕುರಿಗಳಲ್ಲಿ ಕರಿಯವೆಷ್ಟು ಬಿಳಿಯವೆಷ್ಟು ಎಂದು ಭಾಯಿಗೆ ಹೇಳುತ್ತಿದ್ದರು. ನಾನು ಉಸಿರಾಡುವ ಸದ್ದು ಅವರಿಗೆ ಹೇಗೆ ಕೇಳಿತೋ. ಸೆರಗಿನ ಗಂಟು ಬಿಚ್ಚಿ, ನಿಂಬೆಹಣ್ಣು ತೆಗೆದು, ಕೈಯನ್ನು ಹಿಂದಕ್ಕೆ ಚಾಚಿ, "ತಗೊಳ್ರಿ ಅಳಿಯಂದ್ರೆ, ಮೂಸ್ಕೊಳ್ರಿ" ಎಂದರು. ತಿರುಗಿ ನೋಡಲಿಲ್ಲ. ಅವರಿಗೆ ನೋಡಲು ಮುಂದೆ ಬೇಕಾದಷ್ಟಿತ್ತು.